ಮೇಜಿನ ಮೇಲೆ ಕೊಡಗು

ಮೈಸೂರಿನ ನಮ್ಮ ಬಡಾವಣೆಯ ಗ್ರಂಥಾಲಯದ ಮಹಡಿ. ತಿಂಗಳ ಕೊನೆಯ ಭಾನುವಾರ ಓದುಗರ ಬಳಗ ಸೇರುವುದು ಇಲ್ಲೇ. ಈ ಸಲದ ಪುಸ್ತಕ ಮಾಸ್ತಿಯವರ ‘ಚಿಕವೀರ ರಾಜೇಂದ್ರ’. 1956ರಲ್ಲಿ ಬಂದ, 1983ರ ಜ್ಞಾನಪೀಠವನ್ನು ಕನ್ನಡಕ್ಕೆ ತಂದ ಕಾದಂಬರಿ. ಅದು ಎಲ್ಲರ ತೊಡೆಯ ಮೇಲೂ ಇದೆ. ಅದರ ಸುತ್ತಲಿನದೆಲ್ಲ ಉದ್ದನೆಯ ಮೇಜಿನ ಮೇಲೆ ಹರಡಿದೆ: ಜೆರಾಕ್ಸ್ ಹಾಳೆಗಳ ಕಂತೆ, ಕೊಡಗಿನ ನಕಾಶೆ, ಹಳೆಯ ಗೆಜೆಟಿಯರಿನಿಂದ ಕೈಯಲ್ಲೇ ಇಳಿಸಿಕೊಂಡ ಟಿಪ್ಪಣಿ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಒಂದು ಲ್ಯಾಪ್‌ಟಾಪ್.

‘ಕಾದಂಬರೀನ ಕಾದಂಬರಿ ಥರ ಓದಿದ್ರೆ ಸಾಲದಾ? ಇದೆಲ್ಲ ಯಾಕೆ ಮೇಷ್ಟ್ರೇ?’ ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು ಪ್ರತಿ ತಿಂಗಳೂ ಕೇಳುವ ಪ್ರಶ್ನೆ ಇದು. ಎಷ್ಟೋ ಪುಸ್ತಕಗಳ ಮಟ್ಟಿಗೆ ನಾನೂ ಅವರ ಕಡೆಯವನೇ. ಆದರೆ ಇಲ್ಲಿ ಕಥೆಯ ನಡುವೆ ನಿಂತಿರುವವನು ನಿಜವಾಗಿ ಬದುಕಿದ್ದ ಮನುಷ್ಯ. 1834ರಲ್ಲಿ ಕೊಡಗಿನ ಸಿಂಹಾಸನ ಕಳೆದುಕೊಂಡವನು, ಕೆಟ್ಟ ದೊರೆ ಎಂದು ಹೆಸರಾದವನು. ಅವನ ಬಗ್ಗೆ ಯಾರು ಯಾರು ಮಾತಾಡಿದ್ದಾರೆ, ಯಾವ ಅನ್ನದ ಋಣದಲ್ಲಿ ಮಾತಾಡಿದ್ದಾರೆ ಎಂದು ಕೇಳಿಕೊಳ್ಳದೆ ಈ ಪುಸ್ತಕವನ್ನು ಮುಚ್ಚಲು ನನಗೆ ಮನಸ್ಸು ಬರುವುದಿಲ್ಲ.

ಕಾಲೇಜು ಹುಡುಗಿಯೊಬ್ಬಳು ‘ರಾಜೇಂದ್ರನಾಮೆ’ಯ ಪ್ರತಿ ತಂದಿದ್ದಾಳೆ. ಚಿಕವೀರನ ದೊಡ್ಡಪ್ಪ ದೊಡ್ಡ ವೀರರಾಜೇಂದ್ರ ತನ್ನ ವಂಶದ ಚರಿತ್ರೆಯನ್ನು ತಾನೇ ಮುಂದೆ ನಿಂತು ಬರೆಸಿದ ಗ್ರಂಥ. ಹುಡುಕಿದವರಿಗೆಲ್ಲ ಮೊದಲು ಸಿಗುವುದು ಇದೇ. ಆದರೆ ಅದರ ಕಥೆ 1808ಕ್ಕೆ ಮೊದಲೇ ನಿಲ್ಲುತ್ತದೆ. ನಮ್ಮ ಚಿಕವೀರ ಪಟ್ಟಕ್ಕೆ ಬಂದದ್ದು 1820ರಲ್ಲಿ. ಅವಳ ಮುಖ ಸಣ್ಣಗಾಯಿತು. ಹಾಗಾಗಬೇಕಿರಲಿಲ್ಲ. ಅಂಥ ಕಡು ಹೆಮ್ಮೆಯ ಮನೆತನದಲ್ಲಿ ಹುಟ್ಟಿದ ಹುಡುಗನ ತಲೆಯೊಳಗೆ ಏನು ತುಂಬಿತ್ತು ಎಂಬುದು ಆ ಹಾಳೆಗಳಲ್ಲಿ ಚೆನ್ನಾಗಿ ಕಾಣುತ್ತದೆ.

ಲ್ಯಾಪ್‌ಟಾಪಿನಲ್ಲಿ ತೆರೆದಿರುವುದು ಹರ್ಮನ್ ಮೊಗ್ಲಿಂಗರ ‘ಕೂರ್ಗ್ ಮೆಮೊಯರ್ಸ್’, 1855ರದ್ದು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಅದೇ ಮೊಗ್ಲಿಂಗ್. ಕನ್ನಡ ಪತ್ರಿಕೋದ್ಯಮ ಕೈಮುಗಿಯಬೇಕಾದ ಹಿರಿಯರು, ಅನುಮಾನವಿಲ್ಲ. ಆದರೂ ಈ ಪುಸ್ತಕ ಹೊರಬಂದದ್ದು ದೊರೆ ಗಡೀಪಾರಾಗಿ ಇಪ್ಪತ್ತು ವರ್ಷ ಕಳೆದ ಮೇಲೆ, ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ಕೊಡಗಿನಲ್ಲಿದ್ದ ಪಾದ್ರಿಯ ಲೇಖನಿಯಿಂದ. ಗೆದ್ದವರ ನೆರಳಿನಲ್ಲಿ ಕೂತು ಬರೆದದ್ದನ್ನು ಆ ನೆರಳನ್ನೂ ಲೆಕ್ಕಕ್ಕೆ ಹಿಡಿದೇ ಓದಬೇಕು.

ವಿರಾಜಪೇಟೆ ಕಡೆಯ ಹಿರಿಯರೊಬ್ಬರು ಬಟ್ಟೆಯಲ್ಲಿ ಸುತ್ತಿ ತಂದದ್ದು ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’. 1924ರಲ್ಲಿ ಮೊದಲು ಅಚ್ಚಾದ ಕೊಡವ ಹಾಡುಗಳ, ನಡೆನುಡಿಗಳ ಸಂಗ್ರಹ. ‘ನೀವೆಲ್ಲ ಅರಮನೆ ಕಡೆಯಿಂದ ನೋಡ್ತಿದ್ದೀರಿ, ಒಂಚೂರು ನಮ್ಮ ಐನ್‌ಮನೆ ಕಡೆಯಿಂದಲೂ ನೋಡಿ’ ಎಂದರು. ಅಲ್ಲಿಂದ ಮುಂದೆ, ದೊರೆಯನ್ನು ಬಿಟ್ಟು ಇಂಗ್ಲಿಷರ ಕಡೆ ನಿಂತ ಮಂತ್ರಿ ಬೋಪಣ್ಣನ ಮಾತು ಶುರುವಾಗಿ, ಅವನು ಮಾಡಿದ್ದು ದ್ರೋಹವೋ ನಾಡಿನ ರಕ್ಷಣೆಯೋ ಎಂದು ಕಾಫಿ ಆರುವವರೆಗೂ ಎಳೆದಾಟ. ಯಾರೂ ಸೋಲಲಿಲ್ಲ.

ಕೆಲವರು ಮಡಿಕೇರಿಗೂ ಹೋಗಿಬಂದೆವು. ಕೋಟೆಯಂಗಳದಲ್ಲಿ ನಿಜಗಾತ್ರದ ಎರಡು ಗಾರೆಯ ಆನೆಗಳು. ಮಳೆ ನಿಂತ ಹೊತ್ತಿಗೆ ಬೆನ್ನಿನ ಮೇಲಿಂದ ನೀರು ಇನ್ನೂ ಇಳಿಯುತ್ತಿತ್ತು. ಪಕ್ಕದ ಹಳೆಯ ಚರ್ಚು ಈಗ ವಸ್ತುಸಂಗ್ರಹಾಲಯ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಊರಾಚೆಯ ದೊರೆಗಳ ಗದ್ದಿಗೆ. ದೂರದಿಂದ ದರ್ಗಾ ಎನ್ನಬೇಕು, ಹಾಗೆ ಗುಮ್ಮಟ, ಮಿನಾರು. ಹತ್ತಿರ ಹೋದರೆ ಮೂಲೆಗಳಲ್ಲಿ ಬಸವ ಕೂತಿದ್ದಾನೆ, ಒಳಗೆ ಪೂಜೆಗೊಂಡ ಲಿಂಗ. ದೊಡ್ಡ ವೀರರಾಜೇಂದ್ರ ಇಲ್ಲಿದ್ದಾನೆ, ಲಿಂಗರಾಜೇಂದ್ರ ಇಲ್ಲಿದ್ದಾನೆ. ಚಿಕವೀರ ಇಲ್ಲ. ವೆಲ್ಲೂರು, ಕಾಶಿ ದಾಟಿ 1852ರಲ್ಲಿ ಲಂಡನ್ನಿಗೆ ಹೋದ. ತನ್ನ ಮನೆತನದ ಹಣಕ್ಕಾಗಿ ಕಂಪನಿಯ ಮೇಲೇ ದಾವೆ ಹೂಡಿದ. 1859ರಲ್ಲಿ ಅಲ್ಲೇ ತೀರಿಕೊಂಡ. ಅವನ ತಂದೆ ಲಿಂಗರಾಜೇಂದ್ರನ ಗದ್ದಿಗೆಯ ಮುಂದೆ ನಿಂತಾಗ, ಕಾದಂಬರಿಯಲ್ಲಿ ನಾನು ಸಹಿಸಲಾರದಿದ್ದ ಆ ದೊರೆಗಾಗಿ ಗಂಟಲು ಕಟ್ಟಿತು.

ಆ ಭಾನುವಾರದ ಕೂಟದಲ್ಲಿ ಒಂದು ಗೊಂದಲವೂ ಬಗೆಹರಿಯಿತು. ಕಾದಂಬರಿಯ ಗೌರಮ್ಮ ದೊರೆಯ ರಾಣಿ. ಇಂಗ್ಲೆಂಡಿನಲ್ಲಿ ಹೆಸರಾದ ಗೌರಮ್ಮ ಅವನ ಮಗಳು, ರಾಜ್ಯ ಹೋದ ಏಳು ವರ್ಷಕ್ಕೆ ಕಾಶಿಯಲ್ಲಿ ಹುಟ್ಟಿದವಳು. ಇಬ್ಬರನ್ನೂ ಒಬ್ಬಳೆಂದೇ ತಿಳಿದವರು ನಮ್ಮಲ್ಲಿ ಬಹಳ ಮಂದಿ. ವಿಂಟರ್‌ಹಾಲ್ಟರ್ ಬರೆದ ಆ ಹುಡುಗಿಯ ತೈಲಚಿತ್ರವನ್ನು ಪರದೆಯ ತುಂಬ ದೊಡ್ಡದು ಮಾಡಿದೆವು. 1852ರ ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ದೀಕ್ಷಾಸ್ನಾನ, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ಹುಡುಗಿಗೆ ಇನ್ನೂ ಹನ್ನೊಂದು ತುಂಬಿರಲಿಲ್ಲ. ‘ಎಷ್ಟು ಒಡವೆ ಹಾಕಿದ್ದಾರಮ್ಮ ಈ ಮಗೂಗೆ’ ಎಂದ ಹಿರಿಯರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕಾದಂಬರಿ ಹೇಳದೆ ಉಳಿಸಿದ ಬದುಕು ಎಷ್ಟಿತ್ತೆಂದು ಆ ಚಿತ್ರ ನೋಡುವವರೆಗೆ ನಮಗೆ ಹೊಳೆದಿರಲಿಲ್ಲ.

ಮುಂದಿನ ತಿಂಗಳಿಗೆ ನಿರಂಜನರ ‘ಕಲ್ಯಾಣಸ್ವಾಮಿ’ ಎಂದು ತೀರ್ಮಾನವಾಯಿತು. ದೊರೆ ಹೋದ ಮೇಲೆ, 1837ರಲ್ಲಿ ಅಮರ ಸುಳ್ಯದಿಂದ ಹೊರಟು ಮಂಗಳೂರನ್ನೇ ಹಿಡಿದ ರೈತರ ದಂಗೆಯ ಕಥೆ. ಸುಳ್ಯದ ಹುಡುಗನೊಬ್ಬ ಕೈ ಎತ್ತಿದ: ‘ನಮ್ಮಜ್ಜಿಗೆ ಆ ಕಾಲದ ಸುದ್ದಿ ಸುಮಾರು ಗೊತ್ತುಂಟು. ಮೊಬೈಲಲ್ಲಿ ರೆಕಾರ್ಡ್ ಮಾಡಿ ತರ್ತೇನೆ. ಅವರು ಅರೆಭಾಷೆಯಲ್ಲೇ ಮಾತಾಡುದು, ಆಗ್ತದಾ?’ ಬ್ಯಾಂಕಿನವರು ಎಲ್ಲರಿಗಿಂತ ಮೊದಲು ‘ಖಂಡಿತ ತಗೊಂಡು ಬಾಪ್ಪಾ’ ಎಂದರು.