ಹೊಸ ಯಕೃತ್ತು, ಹಳೆಯ ರಕ್ತ

ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲಗಳನ್ನೂ ಕೃಷ್ಣರಾಜನಗರದ ನಾಲೆಬಯಲನ್ನೂ ಹಿಂದಿಕ್ಕಿ ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳನ್ನು ಸೇರಿದರೆ, ಅಲ್ಲಿಯ ಆದಿವಾಸಿ ಕುಟುಂಬಗಳಲ್ಲಿ ತಲೆಮಾರುಗಳಿಂದ ಇಳಿದುಬಂದಿರುವ ಒಂದು ರಕ್ತದೋಷ ಕಾಣಸಿಗುತ್ತದೆ. ವೈದ್ಯರು ಅದನ್ನು ಸಿಕಲ್ ಸೆಲ್ ರೋಗವೆನ್ನುತ್ತಾರೆ. ತಂದೆತಾಯಿಗಳಿಬ್ಬರಿಂದಲೂ ಈ ದೋಷವನ್ನು ಪಡೆದ ಮಗುವಿನ ಕೆಂಪು ರಕ್ತಕಣಗಳು, ಆಮ್ಲಜನಕ ಕ್ಷೀಣಿಸಿದೊಡನೆ ತಮ್ಮ ದುಂಡುತನವನ್ನು ತೊರೆದು ಕುಡುಗೋಲಿನಂತೆ ಬಾಗಿ, ಕೂದಲಿಗಿಂತ ಸಪೂರವಾದ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಅಂಥ ನಾಳಗಳೇ ದಟ್ಟವಾಗಿ ಹೆಣೆದುಕೊಂಡಿರುವ ಯಕೃತ್ತು ಈ ಪೆಟ್ಟಿನಿಂದ ಪಾರಾಗುವುದು ಕಷ್ಟ. ಮೇಲಿಂದ ಮೇಲೆ ರಕ್ತ ಹಾಕಿಸಿಕೊಂಡವರಲ್ಲಿ ಕಬ್ಬಿಣದ ಅಂಶವೂ ಅಲ್ಲಿಯೇ ಸಂಚಯವಾಗುತ್ತದೆ. ಕಣ್ಣು ಹಳದಿಯಾದರೆ ಕಾಮಾಲೆಯೆಂದು ನಾಟಿಮದ್ದಿಗೆ ಹೊರಡುವವರುಂಟು. ಆದರೆ ಆ ಹಳದಿ, ರಕ್ತಕಣಗಳು ಒಡೆದುದರಿಂದ ಬಂದಿತೋ, ಯಕೃತ್ತು ಸೋತುದರಿಂದ ಬಂದಿತೋ ಎಂಬುದನ್ನು ಪರೀಕ್ಷೆಯಿಂದಲೇ ಅರಿಯಬೇಕು.

ಯಕೃತ್ತು ಪೂರ್ತಿ ಸೋತರೆ ಉಳಿಯುವ ದಾರಿ ಕಸಿ. ಶಸ್ತ್ರವೈದ್ಯ ಥಾಮಸ್ ಸ್ಟಾರ್ಝಲ್ 1963ರಲ್ಲಿ ಡೆನ್ವರಿನಲ್ಲಿ ಮೊದಲು ಪ್ರಯತ್ನಿಸಿದ, ಭಾರತದಲ್ಲಿ 1998ರಲ್ಲಿ ಸಫಲವಾದ ಯಕೃತ್ತಿನ ಕಸಿಗೆ ಬರುವವರಲ್ಲಿ ಬರಿಯ ಯಕೃತ್ತೊಂದೇ ಕೆಟ್ಟವರು ವಿರಳ. ಜೊತೆಗಿರುವ ವ್ಯಾಧಿಗಳೆಷ್ಟೆಂದು ಎಣಿಸುವುದಕ್ಕಿಂತ, ಅವುಗಳಲ್ಲಿ ಯಾವುದು ಯಕೃತ್ತಿನಿಂದಲೇ ಹುಟ್ಟಿದ್ದು, ಯಾವುದು ದೇಹದ ಬೇರೆಡೆಯಲ್ಲಿ ಬೇರೂರಿದ್ದು ಎಂದು ವಿವೇಚಿಸುವುದೇ ಮುಖ್ಯವೆಂದು ನನ್ನ ಭಾವನೆ. ಯಕೃತ್ತು ಸೋತು ಶ್ವಾಸಕೋಶದ ನಾಳಗಳು ಹಿಗ್ಗಿದ ರೋಗಿ, ಎದ್ದು ಕುಳಿತರೆ ಏದುಸಿರು ಬಿಡುತ್ತಾನೆ, ಮಲಗಿದರೆ ಸಮಾಧಾನಗೊಳ್ಳುತ್ತಾನೆ; ಕಸಿಯಾದ ಕೆಲವು ತಿಂಗಳಲ್ಲಿ ಈ ತೊಂದರೆ ಬಹುಮಟ್ಟಿಗೆ ಅಡಗುತ್ತದೆ. ಯಕೃತ್ತಿನ ದೆಸೆಯಿಂದ ಮೂತ್ರಪಿಂಡ ಸ್ತಬ್ಧವಾಗುವುದೂ ಹೀಗೆಯೇ: ಅಂಥ ಮೂತ್ರಪಿಂಡವನ್ನು ತೆಗೆದು ಆರೋಗ್ಯವಂತ ಯಕೃತ್ತುಳ್ಳ ಇನ್ನೊಬ್ಬರಲ್ಲಿ ಇಟ್ಟಾಗ ಅದು ಮತ್ತೆ ಕೆಲಸಮಾಡಿದುದುಂಟು.

ಸಿಕಲ್ ಸೆಲ್ ಹಾಗಲ್ಲ. ಅದರ ಮೂಲ ಅಸ್ಥಿಮಜ್ಜೆಯಲ್ಲಿದೆ. ಹೊಸ ಯಕೃತ್ತಿನೊಳಕ್ಕೂ ಹರಿಯುವುದು ಆ ಹಳೆಯ ರಕ್ತವೇ. ಶೀತವೂ ಆಮ್ಲಜನಕದ ಕೊರತೆಯೂ ಆ ರಕ್ತದ ವೈರಿಗಳಾಗಿರುವಾಗ, ದಾನಿಯ ಯಕೃತ್ತು ಬರುವುದು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ, ಸುಮಾರು 4 ಡಿಗ್ರಿ ತಂಪಿನಲ್ಲಿ! ಆದುದರಿಂದ ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ರಕ್ತವನ್ನು ತೆಗೆಯುತ್ತ, ದಾನಿಗಳ ರಕ್ತವನ್ನು ತುಂಬುತ್ತ, ಕುಡುಗೋಲಾಗುವ ಹಿಮೋಗ್ಲೋಬಿನ್ನಿನ ಪಾಲನ್ನು ಸಾಮಾನ್ಯವಾಗಿ ಶೇಕಡ 30ಕ್ಕಿಂತ ಕೆಳಗಿಳಿಸಿ, ಮೈಯನ್ನು ಬೆಚ್ಚಗಿರಿಸಿ ಮುಂದುವರಿಯುತ್ತಾರೆ. ಅನಂತರವೂ ನಿರಾಳವಿಲ್ಲ, ಕಸಿಯನ್ನು ದೇಹವು ತಿರಸ್ಕರಿಸದಂತೆ ಕೊಡುವ ಟ್ಯಾಕ್ರೋಲಿಮಸ್ ಮೂತ್ರಪಿಂಡಕ್ಕೆ ಭಾರ, ಆ ಮೂತ್ರಪಿಂಡವನ್ನು ಸಿಕಲ್ ಸೆಲ್ ಅದಾಗಲೇ ನೋಯಿಸಿರುತ್ತದೆ.

ಒಡಹುಟ್ಟಿದ ಅಣ್ಣನೇ ತನ್ನ ಯಕೃತ್ತಿನ ಭಾಗವನ್ನು ಕೊಡಲು ಮುಂದೆ ಬಂದರೂ, ಅದೇ ಮನೆಯ ರಕ್ತವಾದುದರಿಂದ, ಮೊದಲು ಆತನಲ್ಲಿಯೂ ಆ ಕುಡುಗೋಲನ್ನು ಹುಡುಕಬೇಕಾಗುತ್ತದೆ.