ಕಾರು ಬದಲಿಸೋ ಮುಂಚೆ ಸಾಲದ ಲೆಕ್ಕ ಕೇಳಿ

2022ರ ದಸರಾ ಸಮಯ. ನಮ್ಮತ್ತೆಗೆ ಮಂಡಿನೋವು ಜೋರಾಗಿತ್ತು. ನಮ್ಮ ಚಿಕ್ಕ ಕಾರಿನಲ್ಲಿ ಬಗ್ಗಿ ಕೂರೋದು, ಮತ್ತೆ ಏಳೋದು ಅಂದರೆ ಅವರಿಗೆ ಶಿಕ್ಷೆ. ‘ಸ್ವಲ್ಪ ಎತ್ತರದ ಗಾಡಿ ತಗೊಂಡ್ಬಿಡೋಣ’ ಅಂತ ನಮ್ಮವರು ಶೋರೂಂಗೆ ಕರಕೊಂಡು ಹೋದರು. ಹಳೆ ಕಾರಿನ ಸಾಲ ಐದು ವರ್ಷದ್ದು, ಕಟ್ಟಿದ್ದು ಎರಡೇ ವರ್ಷ. ‘ಅದೇನೂ ತೊಂದ್ರೆ ಇಲ್ಲ ಮೇಡಂ, ಎಕ್ಸ್‌ಚೇಂಜ್‌ಗೆ ಕೊಡಿ. ಸಾಲ ನಾವೇ ಕ್ಲೋಸ್ ಮಾಡಿಸ್ತೀವಿ’ ಎಂದ ಅಲ್ಲಿನ ಹುಡುಗ. ನಾವು ಕಾಫಿ ಕುಡಿದು ಮುಗಿಸೋದರೊಳಗೆ ಕಾರಿಗೆ 4,40,000 ರೂಪಾಯಿ ಬೆಲೆಯನ್ನೂ ಕಟ್ಟಿದ.

ನಮ್ಮವರು ಅಲ್ಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದರು. ಸಾಲ ಆರು ಲಕ್ಷ, ಕಟ್ಟಿದ್ದು ಮೂರು ಲಕ್ಷ, ಉಳಿದದ್ದು ಮೂರು ಲಕ್ಷ. ಅಂದರೆ 1,40,000 ಕೈಗೆ ಬರುತ್ತೆ, ಅದೇ ಹೊಸ ಕಾರಿನ ಡೌನ್ ಪೇಮೆಂಟ್! ಅಡ್ವಾನ್ಸ್ ಕೊಟ್ಟು, ಸಹಿ ಹಾಕಿ, ಖುಷಿಯಿಂದ ಮನೆಗೆ ಬಂದೆವು. ಮಾರನೇ ದಿನ ಬ್ಯಾಂಕಿನಲ್ಲಿ ವಿಚಾರಿಸಿದಾಗ ಗೊತ್ತಾಯಿತು, ಕೈಗೆ ಬರೋದು ಮೂವತ್ತಮೂರು ಸಾವಿರವೂ ಇಲ್ಲ ಅಂತ. ಬುಕಿಂಗ್ ಬಿಟ್ಟರೆ ಅಡ್ವಾನ್ಸ್ ಹೋಗುತ್ತೆ. ಕೊನೆಗೆ ನನ್ನ ಎರಡು ಜೊತೆ ಬಳೆ ಗಿರವಿಗೆ ಹೋದವು.

ನಮ್ಮ ಹಾಗೆ ಬೇರೆ ಯಾರೂ ಬೆಪ್ಪಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಕಟ್ಟಿದ ದುಡ್ಡು ಎಲ್ಲಿ ಹೋಯಿತು?

ಕೊನೆಯ ಕಂತುಗಳಿಗಿಂತ ಮೊದಮೊದಲ ಕಂತುಗಳಲ್ಲಿ ಬಡ್ಡಿಯ ಪಾಲು ಹೆಚ್ಚು. ನಮ್ಮದು ಶೇಕಡ 9.5ರ ಬಡ್ಡಿ, ತಿಂಗಳಿಗೆ ಸುಮಾರು 12,600 ರೂಪಾಯಿ ಕಂತು. 24 ಕಂತಿಗೆ ಮೂರು ಲಕ್ಷ ಕಟ್ಟಿದ್ದು ನಿಜ. ಆದರೆ ಅದರಲ್ಲಿ ಸುಮಾರು 96 ಸಾವಿರ ಬಡ್ಡಿಗೇ ಹೋಗಿತ್ತು. ಅಸಲಿನಲ್ಲಿ ಇನ್ನೂ 3,93,000ಕ್ಕಿಂತ ಹೆಚ್ಚು ಉಳಿದಿತ್ತು. ಅದರ ಮೇಲೆ ಅವಧಿಗೆ ಮುಂಚೆ ಸಾಲ ಮುಗಿಸೋದಕ್ಕೆ ಶೇಕಡ 3ರ ಶುಲ್ಕ, ಆ ಶುಲ್ಕಕ್ಕೆ ಜಿಎಸ್‌ಟಿ, ಸೇರಿ ಹತ್ತಿರ ಹತ್ತಿರ 14 ಸಾವಿರ.

ಆದ್ದರಿಂದ ಶೋರೂಂ ಮೆಟ್ಟಿಲು ಹತ್ತೋ ಮುಂಚೆ ಸಾಲ ಕೊಟ್ಟವರಿಂದ ‘ಫೋರ್‌ಕ್ಲೋಷರ್ ಪತ್ರ’ ತಗೊಳ್ಳಿ. ಇಂಥ ದಿನದವರೆಗೆ ಇಷ್ಟು ಕಟ್ಟಿದರೆ ಸಾಲ ಪೂರ್ತಿ ಮುಗಿಯುತ್ತೆ ಅಂತ ಅದರಲ್ಲಿ ಬರೆದಿರುತ್ತಾರೆ. ಆ ದಿನ ದಾಟಿದರೆ ಬಡ್ಡಿ ಸೇರಿ ಮೊತ್ತವೂ ಬದಲಾಗುತ್ತೆ, ನೆನಪಿರಲಿ.

ಶುಲ್ಕದ ವಿಷಯದಲ್ಲಿ ಒಂದು ಒಳ್ಳೆಯ ಸುದ್ದಿ ಇದೆ. ಸ್ವಂತ ಬಳಕೆಗೆ ಪಡೆದ, ಬಡ್ಡಿ ಏರಿಳಿಯುವ (ಫ್ಲೋಟಿಂಗ್) ಸಾಲ 2026ರ ಜನವರಿ 1ರಿಂದೀಚೆಗೆ ಮಂಜೂರಾಗಿದ್ದರೆ, ಅವಧಿಗೆ ಮುಂಚೆ ತೀರಿಸಿದರೂ ಶುಲ್ಕ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಆದರೆ ಎಷ್ಟೋ ಕಾರು ಸಾಲಗಳು ಸ್ಥಿರ ಬಡ್ಡಿಯವು. ನಿಮ್ಮದು ಯಾವುದು ಅಂತ ಒಪ್ಪಂದ ಪತ್ರ ತೆಗೆದು ನೋಡಿ.

‘ತಿಂಗಳಿಗೆ ಬರೀ ಎರಡು ಸಾವಿರ ಜಾಸ್ತಿ’

ಈ ಮಾತಿಗೆ ಮರುಳಾಗಬೇಡಿ. ಐದು ವರ್ಷದ ಸಾಲವನ್ನು ಏಳು ವರ್ಷಕ್ಕೆ ಎಳೆದರೆ ಕಂತು ಚಿಕ್ಕದಾಗಿ ಕಾಣುತ್ತೆ, ಬಡ್ಡಿ ಮಾತ್ರ ದೊಡ್ಡದಾಗುತ್ತೆ. ಹಳೆ ಕಾರಿನ ಬೆಲೆ ಸಾಲಕ್ಕಿಂತ ಕಡಿಮೆ ಬಂದಾಗ, ಆ ಕೊರತೆಯನ್ನು ಹೊಸ ಸಾಲಕ್ಕೇ ಸೇರಿಸಿಕೊಡುತ್ತೇವೆ ಅನ್ನುವವರೂ ಇದ್ದಾರೆ. ಆಗ ಇಲ್ಲದ ಕಾರಿಗೂ ಬಡ್ಡಿ ಕಟ್ಟಿದ ಹಾಗೆ. ಹೊಸ ಕಾರಿನ ಬೆಲೆ, ಹಳೆ ಕಾರಿನ ಬೆಲೆ, ಎಕ್ಸ್‌ಚೇಂಜ್ ಬೋನಸ್, ಈ ಮೂರನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಹಳೆ ಕಾರಿಗೆ ಕನಿಷ್ಠ ಮೂರು ಕಡೆ ಬೆಲೆ ಕೇಳಿ. ಪರಿಚಯದವರೇ ಕೊಳ್ಳುವುದಾದರೆ, ಅವರು ದುಡ್ಡನ್ನು ನೇರವಾಗಿ ನಿಮ್ಮ ಸಾಲದ ಖಾತೆಗೇ ಕಟ್ಟುವಂತೆ ಬ್ಯಾಂಕಿನಲ್ಲಿ ಕೂತು ಮಾತಾಡಿ.

ಬೆಲೆ ಸಾಲಕ್ಕಿಂತ ಕಡಿಮೆ ಇದ್ದು, ತುರ್ತೇನೂ ಇಲ್ಲದಿದ್ದರೆ, ಇನ್ನೊಂದು ವರ್ಷ ತಡೆಯೋದೇ ಜಾಣತನ.

ಕೀ ಕೊಟ್ಟ ಮಾತ್ರಕ್ಕೆ ಮುಗಿಯಲಿಲ್ಲ

ನಮ್ಮ ಕಥೆ ಬಳೆಗೇ ನಿಲ್ಲಲಿಲ್ಲ. ಹಳೆ ಕಾರಿನ ಸಾಲ ಕಟ್ಟೋದನ್ನು ಶೋರೂಂನವರು ‘ಇವತ್ತು, ನಾಳೆ’ ಅಂತ ನಲವತ್ತು ದಿನ ಎಳೆದರು. ಆ ನಡುವೆ ಎರಡೂ ಕಾರಿನ ಕಂತು ಒಟ್ಟಿಗೇ ಬಂದು, ಖಾತೆಯಲ್ಲಿ ದುಡ್ಡು ಸಾಲದೆ ಹಳೆಯದು ಬೌನ್ಸ್ ಆಯಿತು. ಸಾಲಕ್ಕೆ ಸಹ ಅರ್ಜಿದಾರಳಾಗಿ ನಾನೂ ಸಹಿ ಹಾಕಿದ್ದೆ. ಮರುವರ್ಷ ಹೊಲಿಗೆ ಯಂತ್ರಕ್ಕೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು, ‘ನಿಮ್ಮ ಸಿಬಿಲ್‌ನಲ್ಲಿ ತಡ ಪಾವತಿ ಇದೆಯಲ್ಲಮ್ಮ’ ಅಂದರು. ನಾನು ಕಾರು ಓಡಿಸಿದವಳೇ ಅಲ್ಲ, ಕಪ್ಪುಚುಕ್ಕೆ ಮಾತ್ರ ನನಗೂ ಬಂತು!

ಅಷ್ಟರಲ್ಲಿ ಮಾರಿದ ಕಾರಿನ ಅತಿವೇಗಕ್ಕೆ ದಂಡದ ನೋಟಿಸ್ ಬೇರೆ. ಆರ್‌ಸಿ ಇನ್ನೂ ನಮ್ಮವರ ಹೆಸರಿನಲ್ಲೇ ಇತ್ತು. ಬರೀ ದಂಡವಾದರೆ ಕಟ್ಟಬಹುದು. ಕಾರು ಕೈಬದಲಾದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆಯೂ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೆಸರು ಬದಲಾಗುವವರೆಗೂ ನಮ್ಮವರು ವಾರಕ್ಕೊಮ್ಮೆ ಶೋರೂಂಗೆ ಅಲೆದರು.

ಈ ಕಾಗದಗಳು ನಿಮ್ಮ ಫೈಲಿನಲ್ಲಿರಲಿ

* ಸಾಲ ಯಾವ ದಿನದೊಳಗೆ ಕಟ್ಟುತ್ತಾರೆ, ತಡವಾದರೆ ಕಂತು ಮತ್ತು ದಂಡ ಯಾರು ಕೊಡಬೇಕು ಎಂದು ಶೋರೂಂನಿಂದ ಲಿಖಿತ ಪತ್ರ. ಬಾಯಿಮಾತು ಬೇಡ.

* ಸಾಲ ಮುಗಿದ ಮೇಲೆ ಬ್ಯಾಂಕಿನಿಂದ ಎನ್‌ಒಸಿ ಮತ್ತು ಅವರ ಸಹಿ ಇರುವ ಫಾರಂ 35. ಇವನ್ನು ಆರ್‌ಟಿಒಗೆ ಕೊಟ್ಟರೆ ಆರ್‌ಸಿಯಲ್ಲಿರುವ ಬ್ಯಾಂಕಿನ ಹೆಸರು ತೆಗೆಯುತ್ತಾರೆ. ಎನ್‌ಒಸಿಗೆ ಸಾಮಾನ್ಯವಾಗಿ ಮೂರು ತಿಂಗಳ ಅವಧಿ, ಬೀರುವಿನಲ್ಲಿಟ್ಟು ಮರೆಯಬೇಡಿ.

* ಮಾಲೀಕತ್ವ ವರ್ಗಾವಣೆಗೆ ಫಾರಂ 29 ಮತ್ತು 30. ಖಾಲಿ ಫಾರಂಗೆ ಸಹಿ ಹಾಕಬೇಡಿ. ತುಂಬಿಸಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ.

* ಕೀ ಕೊಟ್ಟ ದಿನಾಂಕ, ಸಮಯ, ಕಿಲೋಮೀಟರ್ ಬರೆದ ಡೆಲಿವರಿ ನೋಟ್. ಹಳೆ ವಾಹನ ಕೊಳ್ಳುವ ಡೀಲರ್‌ಗಳು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕು, ವಾಹನ ತಮ್ಮ ಕೈಗೆ ಬಂದದ್ದನ್ನು ತಿಳಿಸಬೇಕು ಎಂಬ ನಿಯಮ 2023ರ ಏಪ್ರಿಲ್‌ನಿಂದ ಇದೆ. ಆ ಪತ್ರ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ.

* ವಿಮೆ ಕಂಪನಿಯಿಂದ ನೋ ಕ್ಲೇಮ್ ಬೋನಸ್ ಪ್ರಮಾಣಪತ್ರ. ಆ ಬೋನಸ್ ಕಾರಿನದಲ್ಲ, ನಿಮ್ಮದು. ಹೊಸ ಕಾರಿನ ವಿಮೆಯಲ್ಲಿ ಅಷ್ಟು ರಿಯಾಯಿತಿ ಸಿಗುತ್ತೆ.

* ಹಳೆ ಫಾಸ್ಟ್ಯಾಗ್ ಮುಚ್ಚಿಸಿ. ಇಲ್ಲದಿದ್ದರೆ ಅವರ ಪ್ರಯಾಣಕ್ಕೆ ನಿಮ್ಮ ಖಾತೆಯಿಂದ ಟೋಲ್.

ಸಾಲ ಮುಗಿದ ಒಂದೆರಡು ತಿಂಗಳಿಗೆ ಕ್ರೆಡಿಟ್ ವರದಿ ತೆಗೆಸಿ, ಖಾತೆ ‘ಕ್ಲೋಸ್ಡ್’ ಎಂದಿದೆಯೇ ನೋಡಿ. ವರ್ಷಕ್ಕೊಂದು ಪೂರ್ಣ ವರದಿ ಉಚಿತ. ಗಂಡನ ಸಾಲಕ್ಕೆ ನೀವೂ ಸಹಿ ಹಾಕಿದ್ದರೆ ನಿಮ್ಮ ಹೆಸರಿನದನ್ನೂ ತಪ್ಪದೇ ನೋಡಿ. ‘ಗಾಡಿ ವಿಷಯ ಗಂಡಸರದ್ದು’ ಅಂತ ನಾವು ಸುಮ್ಮನಿರುತ್ತೇವೆ. ಸಹಿ ಹಾಕುವಾಗ ಮಾತ್ರ ನಾವು ಬೇಕು. ಸಹಿ ಹಾಕುವ ಕೈಗೆ ಲೆಕ್ಕ ಕೇಳುವ ಹಕ್ಕೂ ಇದೆ ಅಲ್ಲವೇ?

ಅತ್ತೆ ಈಗ ಕಾರಿನಲ್ಲಿ ಆರಾಮಾಗಿ ಹತ್ತಿ ಇಳೀತಾರೆ. ನನ್ನ ಬಳೆ ಮನೆಗೆ ಬರೋಕೆ ಹದಿನಾಲ್ಕು ತಿಂಗಳು ಹಿಡಿಯಿತು. ಅಂದಿನಿಂದ ನಮ್ಮನೇಲಿ ಒಂದು ಕಟ್ಟಳೆ: ಕಾರಿನ ಕೀ ಅವರ ಹತ್ತಿರ, ಫೈಲ್ ನನ್ನ ಹತ್ತಿರ.