ಗೋವಾದಿಂದ ಕಡಿಮೆ ರೇಟಿಗೆ ಟರ್ಬೊ ಕಾರು: ಕೆಎ-30 ನಂಬರ್ ಬೀಳುವಷ್ಟರಲ್ಲಿ ಎಷ್ಟಾಗುತ್ತದೆ?

ಅಂಕೋಲಾ: "ಸಿಂಗಲ್ ಓನರ್, ಟಾಪ್ ಕಂಡೀಷನ್, ಪೇಪರ್ ಕ್ಲಿಯರ್, ಫೈನಲ್ ರೇಟ್." ಗೋವಾ ನಂಬರಿನ ಪೋಲೊ ಜಿಟಿ ಇಲ್ಲವೇ ಆಕ್ಟೇವಿಯಾದ ನಾಲ್ಕು ಫೋಟೊ, ಅಡಿಗೆ ಈ ಒಂದು ಸಾಲು. ಕಾರವಾರ, ಅಂಕೋಲಾ ಬದಿಯ ಹುಡುಗರ ಮೊಬೈಲಿಗೆ ಇಂಥ ಮೆಸೇಜು ಬರುವುದು ಹೊಸದಲ್ಲ. ಮಾಜಾಳಿ ಗಡಿ ದಾಟಿದರೆ ಗೋವಾ. ಇತ್ತ ಕೈಗಾ, ನೌಕಾನೆಲೆ ಅಂತ ದೇಶದ ಎಲ್ಲ ಕಡೆಯಿಂದ ಬಂದು ವರ್ಗವಾಗಿ ಹೋಗುವವರು ಬೇರೆ. ಹೊರರಾಜ್ಯದ ಗಾಡಿ ಮಾರಾಟಕ್ಕೆ ಸಿಗಲು ಉತ್ತರ ಕನ್ನಡದ ಕರಾವಳಿಗಿಂತ ಸಲೀಸಾದ ಜಾಗ ಕಡಿಮೆ.

ಹೊಸ ಸಾಧಾರಣ ಹ್ಯಾಚ್‌ಬ್ಯಾಕ್‌ನ ದುಡ್ಡಿಗೆ, ಕೆಲವೊಮ್ಮೆ ಅದಕ್ಕೂ ಕಡಿಮೆಗೆ, ಒಂದು ಕಾಲದ 'ಪಿಕಪ್ ಗಾಡಿ' ಬರುತ್ತದೆ ಎಂಬುದು ಸುಳ್ಳಲ್ಲ. ಆದರೆ ಅದನ್ನು ಭಾನುವಾರಕ್ಕೊಮ್ಮೆ ತೊಳೆದು ನಿಲ್ಲಿಸಲು ತರುವುದು ಬೇರೆ, ಬೊಬ್ರುವಾಡದಿಂದ ಕಾರವಾರಕ್ಕೆ ದಿನಾ ಕೆಲಸಕ್ಕೆ ಹೋಗಿ ಬರಲು ತರುವುದು ಬೇರೆ. ಎರಡನೆಯದಕ್ಕೆ ಗಾಡಿಯ ರೇಟು ಬರೀ ಶುರುವಿನ ಖರ್ಚು.

ಮಾರುಕಟ್ಟೆಯಲ್ಲಿ ಓಡಾಡುವ ಹೆಸರುಗಳು ಹೆಚ್ಚಿಲ್ಲ. ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ 2013ರಲ್ಲಿ ಬಂತು. 1.2 ಲೀಟರ್ ಟರ್ಬೊ, 105 ಪಿಎಸ್, ಏಳು ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್. 2020ರಲ್ಲಿ ಅದರ ಜಾಗಕ್ಕೆ 1.0 ಲೀಟರಿನ 110 ಪಿಎಸ್ ಎಂಜಿನ್ ಬಂತು, 2022ಕ್ಕೆ ಪೋಲೊ ತಯಾರಿಕೆಯೇ ನಿಂತಿತು. 2015ರ ಅಕ್ಟೋಬರ್‌ನಲ್ಲಿ ಬಂದ ಅಬಾರ್ತ್ ಪುಂಟೊಗೆ 145 ಎಚ್‌ಪಿ ಇತ್ತು. ಹತ್ತು ಲಕ್ಷದ ಒಳಗೆ ಆಗ ಅಷ್ಟು ಶಕ್ತಿ ಬೇರೆಲ್ಲೂ ಇರಲಿಲ್ಲ. ಮಾರುತಿಯ ಬಲೆನೊ ಆರ್‌ಎಸ್ 2017ರದ್ದು, 102 ಪಿಎಸ್. ದೊಡ್ಡ ಆಸೆಯವರಿಗೆ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 2017ರದ್ದು 230 ಪಿಎಸ್. ಫಿಯೆಟ್ ಕಾರುಗಳ ಮಾರಾಟ ಭಾರತದಲ್ಲಿ ನಿಂತೇ ಹೋಗಿದೆ. ಪುಂಟೊ ತರುವವರು ಈ ಒಂದು ಸಂಗತಿಯನ್ನು ಎರಡು ಸಲ ಯೋಚಿಸುವುದು ಒಳ್ಳೆಯದು.

ತೆರಿಗೆ ಎಲ್ಲಿಂದ ಲೆಕ್ಕ?

ಇಲ್ಲಿಯೇ ಹೆಚ್ಚಿನವರು ಬೀಳುವುದು. ಗೋವಾದಲ್ಲಿ ತೆರಿಗೆ ಕಟ್ಟಿದ ಗಾಡಿ ಇಲ್ಲಿ ಕೆಎ-30 ಆಗಬೇಕಾದರೆ ಕರ್ನಾಟಕದ ಜೀವಾವಧಿ ತೆರಿಗೆಯನ್ನು ಬೇರೆಯಾಗಿ ಕಟ್ಟಬೇಕು. ಆ ಲೆಕ್ಕ ನಡೆಯುವುದು ಈಗ ಕೊಟ್ಟ ರೇಟಿನ ಮೇಲಲ್ಲ, ಗಾಡಿ ಹೊಸದಿದ್ದಾಗಿನ ಬೆಲೆಯ ಮೇಲೆ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಶೇ 14, 10ರಿಂದ 20 ಲಕ್ಷದ್ದಕ್ಕೆ ಶೇ 17, ಅದಕ್ಕೂ ಮೇಲಿನದಕ್ಕೆ ಶೇ 18. ಮೇಲೆ ಸೆಸ್. ಗಾಡಿಗೆ ವಯಸ್ಸಾದಷ್ಟೂ ಈ ಮೊತ್ತ ಇಳಿಯುತ್ತದೆ, ಪೂರ್ತಿ ಮಾಫಿ ಆಗುವುದಿಲ್ಲ.

2013ರಲ್ಲಿ ಪೋಲೊ ಜಿಟಿ ಬಂದಾಗ ಶೋರೂಮ್ ಬೆಲೆ ಹೆಚ್ಚುಕಡಿಮೆ 8 ಲಕ್ಷ. ಶೇ 14 ಅಂದರೆ 1.12 ಲಕ್ಷ, ಅದರಲ್ಲಿ ವಯಸ್ಸಿನ ಕಡಿತ ಹೋಗಿ ಉಳಿದದ್ದು ಕಟ್ಟಬೇಕು. ಇದು ತಡೆದುಕೊಳ್ಳಬಹುದು. ಆಕ್ಟೇವಿಯಾ ಆರ್‌ಎಸ್ 2017ರಲ್ಲಿ ಬಂದಾಗ 24.62 ಲಕ್ಷ. ಅದರ ಶೇ 18 ಅಂದರೆ 4.43 ಲಕ್ಷ. ಕಡಿತದಲ್ಲಿ ಅರ್ಧ ಹೋಯಿತು ಅಂದುಕೊಂಡರೂ 2.2 ಲಕ್ಷ. ಗಾಡಿ ಚೀಪಾಗಿ ಸಿಕ್ಕಿತು ಎನ್ನುವವರ ಲೆಕ್ಕದಲ್ಲಿ ಈ ಸಾಲು ಇರುವುದೇ ಇಲ್ಲ. ಗೋವಾದಲ್ಲಿ ಮುಂಚೆ ಕಟ್ಟಿದ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ವಾಪಸು ಕೇಳಬಹುದು. ಅದು ಇಲ್ಲಿ ಕಟ್ಟಿ, ನಂಬರ್ ಬದಲಾದ ಮೇಲಿನ ಕೆಲಸ. ಆ ದುಡ್ಡನ್ನು ನೆಚ್ಚಿಕೊಂಡು ಗಾಡಿ ತೆಗೆಯಬಾರದು. ಅಡ್ವಾನ್ಸ್ ಕೊಡುವ ಮೊದಲೇ ಆರ್‌ಸಿಯ ಪ್ರತಿ ಹಿಡಿದುಕೊಂಡು ಕಾರವಾರದ ಆರ್‌ಟಿಒ ಕಚೇರಿಗೆ ಹೋಗಿ ಇಂತಿಷ್ಟು ಎಂದು ಕೇಳಿ ಬಂದರೆ ಎಲ್ಲ ಅಲ್ಲಿಗೇ ಸ್ಪಷ್ಟ.

"ತಮಾ, ಹಾಂಗೇ ಓಡ್ಸು, ಗೋವಾ ನಂಬರಿಗೆ ಯಾರೂ ಕೇಳೂದಿಲ್ಲ" ಎನ್ನುವ ಸಲಹೆ ಪುಕ್ಕಟೆ ಸಿಗುತ್ತದೆ. ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಹೊಸ ನಂಬರ್ ಪಡೆಯಲೇಬೇಕು. ಹೆಸರು ಬದಲಾವಣೆಗಂತೂ ಅಷ್ಟು ದಿನವೂ ಇಲ್ಲ. ಕೊಂಡವನು 30 ದಿನದೊಳಗೆ ಅರ್ಜಿ ಹಾಕಬೇಕು.

ಬೇಕಾದ ಕಾಗದ ಇವು: ಗಾಡಿ ನೋಂದಣಿಯಾದ ಆರ್‌ಟಿಒದಿಂದ ಎನ್‌ಒಸಿ, ಅದು ಫಾರ್ಮ್ 28. ಮಾರಿದವನ ಕಡೆಯಿಂದ ಫಾರ್ಮ್ 29, ಇಬ್ಬರ ಸಹಿಯ ಫಾರ್ಮ್ 30. ಹೊಸ ನಂಬರಿಗೆ ಫಾರ್ಮ್ 27. ಗಾಡಿ ಮೇಲೆ ಸಾಲ ಇದ್ದಿದ್ದರೆ ಬ್ಯಾಂಕಿನವರ ಫಾರ್ಮ್ 35. ಸಾಲ ತೀರಿದೆ ಎಂದು ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹೋಗಿರಬೇಕು. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ವಿಮೆ, ಹೊಗೆ ತಪಾಸಣೆಯ ಅವಧಿ ಗೊತ್ತಾಗುತ್ತದೆ. ಬಾಕಿ ದಂಡ ಇದೆಯೇ ಎಂದು ಇ-ಚಲನ್ ತಾಣದಲ್ಲಿ ನೋಡಬಹುದು. ಎಷ್ಟನೇ ಓನರ್ ಎಂಬುದು ಆರ್‌ಸಿಯಲ್ಲೇ ಇರುತ್ತದೆ. 'ಸಿಂಗಲ್ ಓನರ್' ಗಾಡಿ ಅಲ್ಲಿ ಮೂರನೇ ಓನರ್ ಆಗಿ ಕಂಡರೆ ಮುಂದಿನ ಮಾತೇ ಬೇಡ. ಗೋವಾದ ಗಾಡಿಯಾದರೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಇದು ಮೊದಲು ಪ್ರವಾಸಿಗರಿಗೆ ಬಾಡಿಗೆಗೆ ಓಡುತ್ತಿದ್ದ ಕಪ್ಪು ಪ್ಲೇಟಿನ ಗಾಡಿಯೇ? ವಾರಕ್ಕೆ ಮೂರು ಜನ ಅಪರಿಚಿತರು ಓಡಿಸಿದ ಟರ್ಬೊ ಎಂಜಿನ್ನನ್ನು ಫೋಟೊದಲ್ಲಿ ಗುರುತಿಸಲು ಆಗುವುದಿಲ್ಲ, ಹಳೆಯ ದಾಖಲೆಯಲ್ಲಿ ಗೊತ್ತಾಗುತ್ತದೆ.

ದಿಲ್ಲಿ ಗಾಡಿಗಳೂ ಇತ್ತ ಬರುತ್ತವೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ದಾಟಿದ ಪೆಟ್ರೋಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ರೇಟು ಬಿದ್ದದ್ದೇ ಕಾರಣ. ಮೇಲಿನ ತೆರಿಗೆ ಲೆಕ್ಕ ಅವಕ್ಕೂ ಅಷ್ಟೇ.

ಉಪ್ಪು ಗಾಳಿ, ನೆರೆ ನೀರು

ಬಾಡಿಯ ಹೊಳಪು ನೋಡಿ ಮರುಳಾಗುವುದು ಸುಲಭ. ಕರಾವಳಿಯ ಗಾಡಿಯನ್ನು ನೋಡಬೇಕಾದದ್ದು ಅಡಿಯಿಂದ. ಪಕ್ಕದ ಗ್ಯಾರೇಜಿನ ಲಿಫ್ಟಿಗೆ ಹಾಕಿಸಿ ಸಬ್‌ಫ್ರೇಮ್, ಸೈಲೆನ್ಸರ್, ಬ್ರೇಕ್ ಪೈಪು, ಸಸ್ಪೆನ್ಷನ್ನಿನ ಬೋಲ್ಟುಗಳನ್ನು ನೋಡಿದರೆ ಅರ್ಧ ಕತೆ ಸಿಕ್ಕಂತೆ. ಸಮುದ್ರದ ಉಪ್ಪು, ವರ್ಷಕ್ಕೆ 3 ಸಾವಿರ ಮಿ.ಮೀ. ದಾಟುವ ಮಳೆ ಎರಡೂ ಸೇರಿದರೆ ಕಬ್ಬಿಣ ಉಳಿಯುವುದು ಕಷ್ಟ. ತುಕ್ಕಿನ ಮೇಲೆ ಹೊಸದಾಗಿ ಕಪ್ಪು ಅಂಡರ್‌ಕೋಟಿಂಗ್ ಬಳಿದಿದ್ದರೆ ಅದೂ ಒಂದು ಸುಳಿವೇ.

ನೆರೆಯಲ್ಲಿ ಮುಳುಗಿದ ಗಾಡಿ ಇನ್ನೊಂದು ಗಂಡಾಂತರ. 2019ರ ಆಗಸ್ಟ್‌ನಲ್ಲಿ ಗಂಗಾವಳಿ, ಕಾಳಿ ಎರಡೂ ಉಕ್ಕಿದ್ದು, ಅದೇ ಹೊತ್ತಿಗೆ ಕೊಲ್ಲಾಪುರ, ಸಾಂಗ್ಲಿ ನೀರಲ್ಲಿ ನಿಂತಿದ್ದು, 2021ರ ಜುಲೈಯಲ್ಲಿ ಮತ್ತೆ ಗಂಗಾವಳಿ ಬಂದಿದ್ದು ಇಲ್ಲಿಯವರಿಗೆ ನೆನಪಿದೆ. ನೀರು ಕುಡಿದ ಗಾಡಿಯನ್ನು ತೊಳೆದು, ಸೀಟಿನ ಬಟ್ಟೆ ಬದಲಿಸಿ, ಸೆಂಟು ಹೊಡೆದು ದೂರದ ಊರಿಗೆ ಮಾರುವುದೇ ವಾಡಿಕೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಬೇಕು, ತುದಿಯಲ್ಲಿ ಕೆಸರಿನ ಗೆರೆ ಕೂತಿರುತ್ತದೆ. ಸ್ಟೆಪ್ನಿ ಕೂರುವ ಗುಂಡಿ, ಸೀಟಿನ ಕೆಳಗಿನ ಹಳಿ, ಕಾರ್ಪೆಟ್ಟಿನ ಅಡಿ, ಇಷ್ಟು ನೋಡಿದರೆ ಸಾಕು. ಈಗಿನ ಗಾಡಿಯಲ್ಲಿ ಇಡೀ ಎಲೆಕ್ಟ್ರಿಕಲ್ ಕೆಲಸ ಕಾರ್ಪೆಟ್ಟಿನಡಿಯ ವೈರಿನಲ್ಲೇ ಇರುವುದರಿಂದ ಇದು ಬರೀ ವಾಸನೆಯ ವಿಷಯವಲ್ಲ.

ಎಂಜಿನ್ ಕೇಳಬೇಕಾದದ್ದು ತಣ್ಣಗಿದ್ದಾಗ. ಮಾರುವವನು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿ ಇಟ್ಟಿದ್ದರೆ ಮಾರನೇ ದಿನ ಬೆಳಿಗ್ಗೆ ಬರುತ್ತೇನೆ ಎಂದು ಎದ್ದು ಬರುವುದು ಲೇಸು. ತಣ್ಣನೆ ಸ್ಟಾರ್ಟಿನಲ್ಲಿ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ, ಅದು ಟರ್ಬೊದ್ದೂ ಇರಬಹುದು. ಮೀಟರಿನ ಕಿಲೋಮೀಟರು ತಿರುಗಿಸುವುದು ಹೊಸ ವಿದ್ಯೆಯಲ್ಲ, ಹಾಗಾಗಿ ಚಾಸಿ ನಂಬರ್ ಕೊಟ್ಟು ಕಂಪನಿ ಸರ್ವಿಸ್ ಸೆಂಟರಿನಲ್ಲಿ ಹಳೆಯ ದಾಖಲೆ ತೆಗೆಸಬೇಕು. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. 2022ರ ಗಾಡಿ 20 ಸಾವಿರ ಕಿ.ಮೀ. ಮಾತ್ರ ಓಡಿದೆ ಎನ್ನುತ್ತಾ ನಾಲ್ಕೂ ಟಯರು ಹೊಸದಿದ್ದರೆ ಯಾಕೆ ಎಂದು ಕೇಳಬೇಕಲ್ಲ.

ಡಿಎಸ್‌ಜಿ ಗೇರ್‌ಬಾಕ್ಸಿನ ಪೋಲೊಗೆ ಒಂದು ಮಾತು ಹೆಚ್ಚು. ಏಳು ಗೇರಿನ, ಒಣ ಕ್ಲಚ್ಚಿನ ಈ ಗೇರ್‌ಬಾಕ್ಸನ್ನು ನಡೆಸುವ ಮೆಕಾಟ್ರಾನಿಕ್ ಎಂಬ ಘಟಕ ಕೆಡುವ ದೂರು ಜಗತ್ತಿನಾದ್ಯಂತ ಇತ್ತು. ಚೀನಾದಲ್ಲಿ 2013ರಲ್ಲಿ ಡಿಎಸ್‌ಜಿ ಕಾರಣಕ್ಕೆ 3.8 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಕಂಪನಿ ವಾಪಸು ಕರೆಸಿತ್ತು. ನಿಧಾನ ಟ್ರಾಫಿಕ್ಕಿನಲ್ಲಿ ಒಂದರಿಂದ ಎರಡಕ್ಕೆ ಬೀಳುವಾಗ ಒದ್ದಂತಾದರೆ, ರಿವರ್ಸ್ ಹಾಕಿದಾಗ ತಡವರಿಸಿದರೆ, ಆ ಗಾಡಿ ಬಿಡುವುದು ವಾಸಿ. ಅದೇ ಬಗೆಯ ಗಾಡಿ ಮ್ಯಾನುಯಲ್‌ನಲ್ಲಿ ಸಿಕ್ಕರೆ ದಿನಬಳಕೆಗೆ ಅದೇ ಮೇಲು. ನೋಡಲು ಮಜಾ ಕಡಿಮೆ ಅನ್ನಿಸಬಹುದು, ರಿಪೇರಿಗೆ ಇಲ್ಲಿಯ ಮೇಸ್ತ್ರಿಯ ಕೈ ಓಡುತ್ತದೆ.

ದಿನದ ಲೆಕ್ಕ

ಬೊಬ್ರುವಾಡದಿಂದ ಕಾರವಾರಕ್ಕೆ ಹೋಗಿ ಬರುವುದೆಂದರೆ ಸುಮಾರು 70 ಕಿ.ಮೀ. ತಿಂಗಳಿಗೆ 25 ದಿನ ಹಿಡಿದರೆ 1,750, ವರ್ಷಕ್ಕೆ 21 ಸಾವಿರ. ಲೀಟರಿಗೆ 12 ಕೊಡುವ ಟರ್ಬೊಗೆ ತಿಂಗಳಿಗೆ 146 ಲೀಟರ್ ಬೇಕು. 18 ಕೊಡುವ ಸಾದಾ ಕಾರಿಗೆ 97. ಲೀಟರಿಗೆ ನೂರು ರೂಪಾಯಿ ಎಂದು ಹಗುರವಾಗಿ ಹಿಡಿದರೂ ತಿಂಗಳಿಗೆ 5 ಸಾವಿರದ ಹತ್ತಿರ ವ್ಯತ್ಯಾಸ, ವರ್ಷಕ್ಕೆ 60 ಸಾವಿರ. ಹಟ್ಟಿಕೇರಿ ಟೋಲ್ ಬೇರೆ. ಹಳೆ ಓನರಿನ ಹೆಸರಿನ ಫಾಸ್ಟ್ಯಾಗ್ ಅಂಟಿಸಿಕೊಂಡು ಬಂದ ಗಾಡಿಗೆ ಹೊಸ ನಂಬರಿನ ಹೊಸ ಟ್ಯಾಗ್ ಮಾಡಿಸಬೇಕು.

ವರ್ಷಕ್ಕೆ 21 ಸಾವಿರ ಕಿ.ಮೀ. ಓಡುವ ಟರ್ಬೊ ಎಂಜಿನ್ನಿಗೆ ಎರಡು ಸಲ ಆಯಿಲ್ ಬದಲಿಸಬೇಕು, ಅದೂ ಕಂಪನಿ ಹೇಳಿದ ಗ್ರೇಡಿನ ಸಿಂಥೆಟಿಕ್. ಯಾವುದೋ ಡ್ರಮ್ಮಿನ ಆಯಿಲ್ ನಡೆಯುವುದಿಲ್ಲ. ಅರಬೈಲ್ ಘಟ್ಟ ಹತ್ತಿ ಮೇಲೆ ಚಾಕ್ಕೆ ನಿಲ್ಲಿಸಿದ ಕೂಡಲೇ ಕೀ ತಿರುಗಿಸಿ ಆಫ್ ಮಾಡುವ ಅಭ್ಯಾಸವನ್ನೂ ಬಿಡಬೇಕು. ಕೆಂಡದಂತೆ ಕಾದ ಟರ್ಬೊದ ಶಾಫ್ಟಿಗೆ ಆಯಿಲ್ ಹೋಗುವುದು ಎಂಜಿನ್ ನಡೆಯುತ್ತಿದ್ದಾಗ ಮಾತ್ರ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟರೆ ಬೇರಿಂಗ್ ಉಳಿಯುತ್ತದೆ. ಸದ್ಯ ಬಂಕಿನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಮೇಲೆ ಹೇಳಿದ ಹಳೆಯ ಗಾಡಿಗಳು ಅದಕ್ಕೆಂದು ತಯಾರಾದವಲ್ಲ, ಹಾಗಾಗಿ ಇಂಧನದ ರಬ್ಬರ್ ಪೈಪು, ಸೀಲುಗಳನ್ನು ಆಗಾಗ ನೋಡಿಸುತ್ತಿರಬೇಕು.

ಇನ್ನು ರಸ್ತೆ. ಪುಂಟೊ ಅಬಾರ್ತ್‌ನ ಹೊಟ್ಟೆ ನೆಲದಿಂದ 155 ಮಿ.ಮೀ. ಮಾತ್ರ. ಊರೊಳಗಿನ ಎತ್ತರದ ಹಂಪಿಗೆ ಚೇಂಬರ್ ಬಡಿಯುವ ಅಂತರ ಅದು. ಶಿರೂರಿನಲ್ಲಿ ಗುಡ್ಡ ಕುಸಿದ 2024ರ ಜುಲೈಯಂತೆ ಹೆದ್ದಾರಿ ಬಂದಾದರೆ ಒಳದಾರಿಯೇ ಗತಿ, ಆಗ ತೆಳ್ಳನೆ ಟಯರಿನ ರಿಮ್ಮು ಬೆಂಡಾಗುವುದಕ್ಕೆ ಒಂದು ಹೊಂಡ ಸಾಕು. ಬಿಡಿಭಾಗಕ್ಕೆ ಹುಬ್ಬಳ್ಳಿ, ಇಲ್ಲಾ ಗೋವಾ. ಗಾಡಿ ನಾಲ್ಕು ದಿನ ಅಲ್ಲಿ ನಿಂತರೆ ಇಲ್ಲಿ ಕೆಲಸಕ್ಕೆ ಬಸ್ಸು. ಮನೆಯಲ್ಲಿ ಇನ್ನೊಂದು ಬೈಕಾದರೂ ಇಲ್ಲದವರು ಇಂಥ ಕಾರನ್ನೇ ನೆಚ್ಚಿಕೊಂಡು ಡ್ಯೂಟಿ ಮಾಡುವುದು ಸಾಹಸವೇ.

ರಿಮ್ಯಾಪ್ ಮಾಡಿಸಿದ, ಸೈಲೆನ್ಸರ್ ಕತ್ತರಿಸಿದ ಗಾಡಿಗೆ ಕೆಲವರು ಹೆಚ್ಚು ದುಡ್ಡು ಕೇಳುತ್ತಾರೆ. ಕೊಡಬಾರದು. ಕಂಪನಿ ಕೊಟ್ಟ ರೂಪವನ್ನು ಬದಲಿಸಲು ಕಾಯ್ದೆಯ 52ನೇ ಕಲಮಿನಲ್ಲಿ ಅವಕಾಶವಿಲ್ಲ, 2019ರ ತಿದ್ದುಪಡಿಯ ನಂತರ ಒಂದೊಂದು ಬದಲಾವಣೆಗೆ 5 ಸಾವಿರ ರೂಪಾಯಿವರೆಗೆ ದಂಡವಿದೆ. ದಂಡ ಹೋಗಲಿ, ಅಪಘಾತವಾದಾಗ ವಿಮೆ ಕಂಪನಿಯವರು ಕ್ಲೇಮ್ ತಿರಸ್ಕರಿಸಲು ಅದೇ ನೆಪ ಸಾಕು.

ವಿಮೆಯಲ್ಲೂ ಗೊತ್ತಿರಬೇಕಾದ ಮಾತೊಂದಿದೆ. ಗಾಡಿ ಕೈ ಬದಲಾದಾಗ ಮೂರನೆಯವರಿಗೆ ಪರಿಹಾರ ಕೊಡುವ ಭಾಗ ತಾನಾಗಿ ಹೊಸ ಮಾಲೀಕನಿಗೆ ಬರುತ್ತದೆ. ಸ್ವಂತ ಗಾಡಿಯ ಹಾನಿಯ ಭಾಗ ಹಾಗೆ ಬರುವುದಿಲ್ಲ, 14 ದಿನದೊಳಗೆ ಅರ್ಜಿ ಕೊಟ್ಟು ಹೆಸರಿಗೆ ಮಾಡಿಸಿಕೊಳ್ಳಬೇಕು. ಹಳೆ ಮಾಲೀಕನ ನೋ ಕ್ಲೇಮ್ ಬೋನಸ್ ಅವನದ್ದೇ, ಗಾಡಿಯ ಜೊತೆ ಬರುವುದಲ್ಲ.

ಮಾರುವವರಿಗೂ ಇದರಲ್ಲಿ ಪಾಲಿದೆ. ಸಹಿ ಹಾಕಿದ ಖಾಲಿ ಫಾರ್ಮುಗಳನ್ನು ಏಜೆಂಟರ ಕೈಗಿತ್ತು ದುಡ್ಡು ಎಣಿಸಿಕೊಂಡು ಬರುವವರು ಬಹಳ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಪ್ರಕರಣವೊಂದರಲ್ಲಿ ಕಾರು 2007ರಲ್ಲೇ ಮಾರಾಟವಾಗಿ ಕೈಯಿಂದ ಕೈಗೆ ಹೋಗಿತ್ತು, ಆರ್‌ಸಿ ಮಾತ್ರ ಮೊದಲಿನವನ ಹೆಸರಲ್ಲೇ ಇತ್ತು. 2009ರಲ್ಲಿ ಅಪಘಾತವಾದಾಗ ಪರಿಹಾರದ ಹೊಣೆ ಬಂದದ್ದು ಅವನ ತಲೆಗೆ, ಗಾಡಿ ಓಡಿಸುತ್ತಿದ್ದ ಹೊಸಬನಿಗಲ್ಲ. 2023ರ ಏಪ್ರಿಲ್‌ನಿಂದ ಪರವಾನಗಿ ಪಡೆದ ಡೀಲರುಗಳಿಗೆ ಗಾಡಿ ಒಪ್ಪಿಸಿದರೆ ಫಾರ್ಮ್ 29ಸಿ ತುಂಬಿಸುವ ವ್ಯವಸ್ಥೆ ಬಂದಿದೆ, ಆಮೇಲಿನ ಜವಾಬ್ದಾರಿ ಡೀಲರಿನದ್ದು. ಫೋನಿನಲ್ಲೇ ವ್ಯವಹಾರ ಮಾಡುವ ಏಜೆಂಟರಿಗೆ ಇದು ಅನ್ವಯಿಸುವುದಿಲ್ಲ. ಹಾಗಾಗಿ ನೇರ ಮಾರಾಟದಲ್ಲಿ ಕೊಂಡವನ ಆಧಾರ್ ಪ್ರತಿ, ದಿನಾಂಕ ಮತ್ತು ಗಂಟೆ ಬರೆದ ಡೆಲಿವರಿ ಚೀಟಿ, ಆರ್‌ಟಿಒಗೆ ಫಾರ್ಮ್ 29 ಸಲ್ಲಿಸಿದ ರಶೀದಿ, ಈ ಮೂರನ್ನು ಮಾರಿದವರು ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೂ ಜೋಪಾನ ಇಟ್ಟುಕೊಳ್ಳಬೇಕು. ಕೊಳ್ಳುವವರಾದರೆ ಒಂದಿಷ್ಟು ದುಡ್ಡನ್ನು ಎನ್‌ಒಸಿ ಕೈಗೆ ಬರುವವರೆಗೆ ಬಾಕಿ ಇಟ್ಟುಕೊಳ್ಳುತ್ತೇನೆ ಎಂದು ಮೊದಲೇ ಹೇಳಿ, ಅದನ್ನು ಡೆಲಿವರಿ ಚೀಟಿಯಲ್ಲೇ ಬರೆಸಬೇಕು.